ಸ್ಪ್ಯಾನರ್ ಡ್ರಾಯರ್ ಕೊನೆಗೂ ಹದಕ್ಕೆ ಬಂತು

ಡ್ರಾಯರ್ ಎಳೆದಾಗಲೆಲ್ಲ ಸ್ಪ್ಯಾನರ್‌ಗಳು ಜಾರಿ ಒಂದರ ಮೇಲೊಂದು ಬೀಳುತ್ತಿದ್ದವು. ತ್ರಿಡಿ ಪ್ರಿಂಟರ್‌ನಲ್ಲಿ ಗ್ರಿಡ್‌ಫಿನಿಟಿ (ಒಂದೇ ಅಳತೆಯ ಚೌಕಗಳ ತಳದ ಮೇಲೆ ಡಬ್ಬಿಗಳನ್ನು ಜೋಡಿಸುವ ವಿನ್ಯಾಸ) ಟ್ರೇ ಮಾಡಿದೆ. ಅದರ ಚೌಕ 42 ಮಿ.ಮೀ., ಎತ್ತರ 7 ಮಿ.ಮೀ.ಗಳ ಗುಣಕದಲ್ಲಿ. ನನ್ನ ಡ್ರಾಯರ್‌ನ ಒಳ ಅಗಲ 390. ಒಂಬತ್ತು ಚೌಕ ಕೂತು 12 ಮಿ.ಮೀ. ಉಳಿಯಿತು, ಟ್ರೇ ಅಲ್ಲಾಡುತ್ತಿತ್ತು. ಎರಡೂ ಬದಿಗೆ 6 ಮಿ.ಮೀ. ಪ್ಲೈವುಡ್ ಪಟ್ಟಿ ಕೊಂಚ ಉಜ್ಜಿ ಕೂರಿಸಿದೆ, ಬಿಗಿಯಾಯಿತು.

ನಿಜವಾದ ತೊಂದರೆ ಎತ್ತರದ್ದು. ಮೇಲಿನ ಡ್ರಾಯರ್‌ನ ಅಡಿಪಟ್ಟಿಯನ್ನು ನಾನು ಅಳೆದೇ ಇರಲಿಲ್ಲ. ನಿಲ್ಲಿಸಿದ್ದ ಸ್ಪ್ಯಾನರ್‌ನ ರಿಂಗ್ ತುದಿ ಅದಕ್ಕೆ ತಾಗಿ ಡ್ರಾಯರ್ ಅರ್ಧಕ್ಕೇ ಸಿಕ್ಕಿಕೊಂಡಿತು. ಸ್ಪ್ಯಾನರ್ ಓರೆಯಾಗಿ ಮಲಗುವಂತೆ ಟ್ರೇಯ ಗುಳಿಗಳ ವಿನ್ಯಾಸ ಬದಲಿಸಿದೆ, ಸುತ್ತ ಅರ್ಧ ಮಿ.ಮೀ. ಸಡಿಲ ಬಿಟ್ಟೆ. ಈ ಸಲ ಪ್ರಿಂಟ್‌ಗೆ ಮುಂಚೆ ರಟ್ಟು ಕತ್ತರಿಸಿ ಕೂರಿಸಿ ನೋಡಿದೆ, ನೀವೂ ತಪ್ಪದೆ ಹಾಗೇ ಮಾಡಿ. ಈಗ 10 ಮಿ.ಮೀ. ಸ್ಪ್ಯಾನರ್ ನೋಡದೆಯೇ ಕೈಗೆ ಸಿಗುತ್ತದೆ.