ಹೆರಿಗೆ ನೋವು ಎಣಿಸುವುದು ಹೇಗೆ? ಒಂದು ಗಡಿಯಾರ, ಒಂದು ಹಾಳೆ ಸಾಕು

ರಾತ್ರಿ ಎರಡು ಗಂಟೆಗೆ ತಂಗಿ ಬಂದು ನನ್ನ ಭುಜ ಅಲುಗಿಸಿದಳು. ‘ಅಕ್ಕಾ, ಹೊಟ್ಟೆ ಗಟ್ಟಿಯಾಗ್ತಾ ಇದೆ’ ಎಂದಳು. ಅಮ್ಮ ಎದ್ದು ಜೀರಿಗೆ ಕಷಾಯಕ್ಕೆ ನೀರಿಟ್ಟರು. ‘ಚೊಚ್ಚಲು, ಇಷ್ಟು ಬೇಗ ಏನಾಗಲ್ಲ, ಮಲಗು’ ಎಂದರು ಅಜ್ಜಿ. ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ‘ತುಂಬಾ ನೋವು ಅಂತಿದ್ದಾಳೆ’ ಎಂದೆ. ಆ ಕಡೆಯ ನರ್ಸ್ ಮೂರೇ ಪ್ರಶ್ನೆ ಕೇಳಿದರು. ಎಷ್ಟು ನಿಮಿಷಕ್ಕೊಮ್ಮೆ ಬರ್ತಿದೆ? ಒಂದೊಂದು ಎಷ್ಟು ಹೊತ್ತು ಇರುತ್ತೆ? ಯಾವಾಗಿನಿಂದ?

ನಮ್ಮ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. ಆಮೇಲೆ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆಯಲು ಶುರು ಮಾಡಿದೆವು. ಹಾಗೆ ಬರೆಯುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಇದನ್ನು ಬಸುರಿ ಮಾತ್ರ ಅಲ್ಲ, ಮನೆಯವರೆಲ್ಲ ಏಳನೇ ತಿಂಗಳಲ್ಲೇ ಕಲಿತಿಟ್ಟುಕೊಳ್ಳಬೇಕು. ನೋವು ಬಂದ ರಾತ್ರಿ ಕಲಿಯಲು ಪುರುಸೊತ್ತು ಸಿಗುವುದಿಲ್ಲ.

ಮೊದಲು ಕೈಯಿಟ್ಟು ನೋಡಿ

ಗರ್ಭಕೋಶ ಒಂದು ಸ್ನಾಯು ಚೀಲ. ಹೆರಿಗೆ ಹೊತ್ತಿಗೆ ಅದು ಬಿಗಿಯುತ್ತದೆ, ಸಡಿಲುತ್ತದೆ, ಮತ್ತೆ ಬಿಗಿಯುತ್ತದೆ. ಪ್ರತಿ ಬಿಗಿತಕ್ಕೂ ಗರ್ಭಕೋಶದ ಬಾಯಿ ಸ್ವಲ್ಪ ಸ್ವಲ್ಪ ತೆರೆಯುತ್ತದೆ, ಮಗು ಕೆಳಗಿಳಿಯುತ್ತದೆ. ಹೆರಿಗೆ ನೋವು ‘ಬಿಟ್ಟು ಬಿಟ್ಟು’ ಬರುವುದು ಇದಕ್ಕೇ. ಆ ನಡುವಿನ ಬಿಡುವಿನಲ್ಲೇ ಮಗುವಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ತಾಯಿಗೂ ಉಸಿರು ತಿರುಗುತ್ತದೆ.

ಅಂಗೈಯನ್ನು ಹೊಟ್ಟೆಯ ಮೇಲ್ಭಾಗದಲ್ಲಿ, ಹೊಕ್ಕುಳಿಗಿಂತ ಮೇಲೆ, ಹಗುರವಾಗಿ ಇಡಿ. ಒತ್ತಬೇಡಿ. ಬಿಗಿತ ಬಂದಾಗ ಹೊಟ್ಟೆ ಪೂರ್ತಿ ಕಲ್ಲಿನಂತೆ ಗಟ್ಟಿಯಾಗಿ, ಆಮೇಲೆ ಮೆತ್ತಗಾಗುತ್ತದೆ. ಒಂದೇ ಬದಿ ಉಬ್ಬಿ ಗಟ್ಟಿಯಾದರೆ ಅದು ಮಗುವಿನ ಬೆನ್ನೋ ಕಾಲೋ ಇರಬಹುದು. ಎಷ್ಟು ಬಿಗಿ ಎಂದು ತಿಳಿಯಲು ನರ್ಸ್‌ಗಳು ಬಳಸುವ ಒಂದು ಅಳತೆ ನನಗೆ ಬಹಳ ಇಷ್ಟ. ನಿಮ್ಮ ಮೂಗಿನ ತುದಿ ಮುಟ್ಟಿ ನೋಡಿ, ಅಷ್ಟು ಗಟ್ಟಿ ಇದ್ದರೆ ಸಣ್ಣ ಬಿಗಿತ. ಗದ್ದದಷ್ಟು ಇದ್ದರೆ ಮಧ್ಯಮ. ಹಣೆಯಷ್ಟು ಗಟ್ಟಿಯಾಗಿ ಬೆರಳು ತಗ್ಗದೇ ಇದ್ದರೆ ಜೋರು. ಬಸುರಿ ಎಷ್ಟು ಕೂಗುತ್ತಾಳೆ ಎಂಬುದು ಅಳತೆಯೇ ಅಲ್ಲ. ತುಟಿ ಕಚ್ಚಿಕೊಂಡು ಸುಮ್ಮನಿರುವವಳಿಗೂ ನೋವು ಹಣೆಯಷ್ಟೇ ಗಟ್ಟಿ ಇರಬಹುದು.

ನಿಜದ ನೋವಾ, ಸುಳ್ಳು ನೋವಾ?

ಕೊನೆಯ ತಿಂಗಳಲ್ಲಿ ಹೊಟ್ಟೆ ಆಗಾಗ ಬಿಗಿದು ಬಿಡುವುದು ಸಹಜ. 1872ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಜಾನ್ ಬ್ರ್ಯಾಕ್ಸ್‌ಟನ್ ಹಿಕ್ಸ್ ಅವರ ಹೆಸರಿನಲ್ಲೇ ವೈದ್ಯರು ಇದನ್ನು ಕರೆಯುತ್ತಾರೆ. ನಾವು ಸುಳ್ಳು ನೋವು ಎನ್ನುತ್ತೇವೆ. ಅದು ಲೆಕ್ಕಕ್ಕೆ ಸಿಗುವುದಿಲ್ಲ. ಒಮ್ಮೆ 7 ನಿಮಿಷಕ್ಕೆ ಬಂದರೆ ಮತ್ತೊಮ್ಮೆ 20 ನಿಮಿಷಕ್ಕೆ. ನೀರು ಕುಡಿದು, ಮೂತ್ರಕ್ಕೆ ಹೋಗಿ ಬಂದು, ಎಡಮಗ್ಗುಲಾಗಿ ಮಲಗಿದರೆ, ಅಥವಾ ನಾಲ್ಕು ಹೆಜ್ಜೆ ಓಡಾಡಿದರೆ ಕಡಿಮೆಯಾಗುತ್ತದೆ.

ನಿಜದ ನೋವು ಯಾವುದಕ್ಕೂ ಜಗ್ಗುವುದಿಲ್ಲ. ಹೆಚ್ಚಿನವರಿಗೆ ಸೊಂಟದ ಹಿಂದೆ ಶುರುವಾಗಿ ಸುತ್ತಿಕೊಂಡು ಕಿಬ್ಬೊಟ್ಟೆಗೆ ಬರುತ್ತದೆ. ಹೊತ್ತು ಹೋದಂತೆ ಹತ್ತಿರ ಹತ್ತಿರ ಬರುತ್ತದೆ, ಜಾಸ್ತಿ ಹೊತ್ತು ನಿಲ್ಲುತ್ತದೆ, ಜೋರಾಗುತ್ತದೆ. ನೋವು ಏರಿದಾಗ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕೆಲವರಿಗೆ ಇದಕ್ಕೂ ಮೊದಲೇ ರಕ್ತದ ಗೆರೆ ಇರುವ ಅಂಟು ಲೋಳೆ ಹೋಗುತ್ತದೆ. ಅದು ಹೆರಿಗೆ ಹತ್ತಿರ ಬಂದಿದೆ ಎಂಬ ಗುರುತು ಅಷ್ಟೇ. ಗಂಟೆಗಳೂ ಆಗಬಹುದು, ಕೆಲವು ದಿನಗಳೂ ಆಗಬಹುದು.

ಹಾಗಾದರೆ ಅಮ್ಮನ ಜೀರಿಗೆ ಕಷಾಯ? ‘ಸುಳ್ಳು ನೋವಾದರೆ ನಿಲ್ಲುತ್ತೆ, ನಿಜವಾದರೆ ಏರುತ್ತೆ’ ಎನ್ನುವುದು ನಮ್ಮ ಮನೆಗಳ ಹಳೆಯ ಪರೀಕ್ಷೆ. ಬಿಸಿಯಾದದ್ದನ್ನು ಕುಡಿದು ಸ್ವಲ್ಪ ವಿಶ್ರಾಂತಿ ಸಿಕ್ಕರೆ ಸುಳ್ಳು ನೋವು ಇಳಿಯುತ್ತದೆ, ಆದ್ದರಿಂದ ಒಂದು ಲೋಟ ಕುಡಿದರೆ ತೊಂದರೆಯಿಲ್ಲ. ಆದರೆ ಕಷಾಯದ ತೀರ್ಪಿಗಾಗಿ ಕಾಯುತ್ತ ಕೂರಬೇಡಿ. ಲೋಟ ಕೈಯಲ್ಲಿರುವಾಗಲೇ ಎಣಿಕೆ ಶುರುವಾಗಲಿ. ಹರಳೆಣ್ಣೆ ಕುಡಿಸುವುದು ಮಾತ್ರ ಖಂಡಿತ ಬೇಡ. ಮನೆಗೆ ಯಾರನ್ನೋ ಕರೆಸಿ ನೋವು ಬರಿಸುವ ಇಂಜೆಕ್ಷನ್ ಹಾಕಿಸುವುದಂತೂ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ.

ಎಣಿಸುವುದು

ಬಸುರಿಗೆ ಈ ಕೆಲಸ ಕೊಡಬೇಡಿ. ಗಂಡ, ಅಕ್ಕ, ಅಮ್ಮ, ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತು ಬರೆಯಲಿ. ಅವಳು ‘ಬಂತು’ ಮತ್ತು ‘ಹೋಯ್ತು’ ಎಂಬ ಎರಡು ಮಾತು ಹೇಳಿದರೆ ಸಾಕು. ಮೊಬೈಲ್ ಆಪ್‌ಗಳೂ ಇವೆ. ಆದರೆ ಬ್ಯಾಟರಿ ಮುಗಿಯದ ಹಾಳೆಯೇ ನನಗೆ ಧೈರ್ಯ.

ಹಾಳೆಯಲ್ಲಿ ಮೂರು ಕಲಂ ಎಳೆಯಿರಿ. ಶುರುವಾದ ಸಮಯ, ಎಷ್ಟು ಸೆಕೆಂಡ್ ಇತ್ತು, ಹಿಂದಿನ ನೋವಿನಿಂದ ಎಷ್ಟು ನಿಮಿಷ. ಹೊಟ್ಟೆ ಬಿಗಿಯತೊಡಗಿದ ಕ್ಷಣಕ್ಕೆ ಸಮಯ ಬರೆಯಿರಿ. ಪೂರ್ತಿ ಮೆತ್ತಗಾಗುವವರೆಗೆ ಸೆಕೆಂಡ್ ಎಣಿಸಿ. ಮುಂದಿನದು ಶುರುವಾದಾಗ ಮತ್ತೆ ಸಮಯ ಬರೆಯಿರಿ.

ತಪ್ಪು ಆಗುವುದು ಮೂರನೇ ಕಲಂನಲ್ಲಿ. ನಾವೂ ಮೊದಲ ಅರ್ಧ ಗಂಟೆ ತಪ್ಪಾಗಿಯೇ ಬರೆದೆವು. ಒಂದು ನೋವು ಮುಗಿದಲ್ಲಿಂದ ಇನ್ನೊಂದು ಶುರುವಾಗುವವರೆಗೆ ಲೆಕ್ಕ ಹಾಕಿದ್ದೆವು. ಅದು ಬಿಡುವಿನ ಲೆಕ್ಕ. ಆಸ್ಪತ್ರೆಯವರು ಕೇಳುವುದು ಒಂದರ ಶುರುವಿನಿಂದ ಮುಂದಿನದರ ಶುರುವಿನವರೆಗೆ. ಒಂದು ನೋವು 2:40ಕ್ಕೆ ಶುರುವಾಗಿ 50 ಸೆಕೆಂಡ್ ಇತ್ತು, ಮುಂದಿನದು 2:48ಕ್ಕೆ ಬಂತು ಎಂದುಕೊಳ್ಳಿ. ಅಂತರ 8 ನಿಮಿಷ. ಅದರ ಮುಂದಿನದು 2:55ಕ್ಕೆ ಬಂದರೆ 7 ನಿಮಿಷ. ಇಷ್ಟು ಸುಲಭ, ಆದರೆ ಗಾಬರಿಯಲ್ಲಿ ತಪ್ಪುತ್ತದೆ.

ಎರಡು ನೋವು ಬರೆದು ತೀರ್ಮಾನಕ್ಕೆ ಬರಬೇಡಿ. ಕಡಿಮೆ ಎಂದರೂ ಒಂದು ಗಂಟೆ ಬರೆದು, ಆಮೇಲೆ ಮೇಲಿನಿಂದ ಕೆಳಗೆ ಕಣ್ಣು ಹಾಯಿಸಿ. 12, 10, 8, 7 ಎಂದು ಇಳಿಯುತ್ತ, ಸೆಕೆಂಡುಗಳು 30, 40, 50 ಎಂದು ಏರುತ್ತ ಹೋದರೆ ಅದು ಹೆರಿಗೆಯ ನೋವೇ. 9, 22, 6, 15 ಎಂದು ಮನಸ್ಸಿಗೆ ಬಂದಂತೆ ಇದ್ದರೆ ಇನ್ನೂ ಸಮಯವಿದೆ. ಆಸ್ಪತ್ರೆ ಸೇರಿದ ಮೇಲೆ ಅವರು 10 ನಿಮಿಷಕ್ಕೆ ಎಷ್ಟು ನೋವು ಎಂದು ಎಣಿಸುತ್ತಾರೆ. ಲೆಕ್ಕದ ರೀತಿ ಬೇರೆ, ವಿಷಯ ಒಂದೇ.

ಈ ಹೊತ್ತಿನಲ್ಲಿ ಅವಳು ಮಲಗಿಯೇ ಇರಬೇಕಿಲ್ಲ. ಓಡಾಡಲಿ, ಗೋಡೆಗೆ ಕೈಯೂರಿ ಬಾಗಲಿ. ನೋವು ಬಂದಾಗ ಸೊಂಟ ಉಜ್ಜಿ. ವೈದ್ಯರು ಬೇಡ ಎಂದಿರದಿದ್ದರೆ ಗಂಜಿ, ಎಳನೀರು ಕೊಡಿ. ಮಗುವನ್ನು ಹೊರಗೆ ತಳ್ಳಲು ಮುಕ್ಕಬೇಕು (ತಿಣುಕಬೇಕು) ಎಂದು ಅವಳಿಗೇ ಎನಿಸುವ ತನಕ ಯಾರೂ ‘ಮುಕ್ಕು ಮುಕ್ಕು’ ಎನ್ನಬೇಡಿ. ಸುಮ್ನೆ ಸುಸ್ತಾಗುತ್ತದೆ.

ಹೊರಡುವುದು ಯಾವಾಗ?

ಚೊಚ್ಚಲ ಹೆರಿಗೆಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: 5 ನಿಮಿಷಕ್ಕೊಮ್ಮೆ ನೋವು, ಒಂದೊಂದೂ ಸುಮಾರು 1 ನಿಮಿಷ, ಹೀಗೆ 1 ಗಂಟೆ. ಎರಡನೇ, ಮೂರನೇ ಹೆರಿಗೆ ಬೇಗ ಆಗುತ್ತದೆ. ಅವರು ಅಷ್ಟು ಕಾಯಬಾರದು. ನೋವು ಕ್ರಮವಾಗಿ ಬರುತ್ತಿದೆ ಎಂದು ಖಾತ್ರಿಯಾದ ಕೂಡಲೇ ಹೊರಡಬೇಕು.

ಆದರೆ ಈ ಲೆಕ್ಕ ಆಸ್ಪತ್ರೆ ಹತ್ತಿರ ಇರುವವರಿಗೆ. ನಮ್ಮೂರು ಮಲೆನಾಡಿನ ಒಳಗಿದೆ. ತಾಲ್ಲೂಕು ಆಸ್ಪತ್ರೆಗೆ ಒಂದೂವರೆ ಗಂಟೆಯ ದಾರಿ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅಂಥವರು 8-10 ನಿಮಿಷದ ಅಂತರ ಇರುವಾಗಲೇ ಹೊರಡಬೇಕು. ತಂಗಿಗೆ 8 ನಿಮಿಷ ಆದಾಗ ನಾವು ಹೊರಟೆವು. 108ಕ್ಕೆ ಕರೆ ಮಾಡಿದರೆ ಸರ್ಕಾರಿ ಆಂಬ್ಯುಲೆನ್ಸ್ ಉಚಿತವಾಗಿ ಬರುತ್ತದೆ. ಸಿಗ್ನಲ್ ಸಿಗದ ಊರಾದರೆ ಎಲ್ಲಿ ನಿಂತರೆ ಫೋನ್ ಹತ್ತುತ್ತದೆ ಎಂದು ಮೊದಲೇ ನೋಡಿಡಿ. ಊರಿನ ಜೀಪೋ ಆಟೋನೋ ಇರುವವರ ಮತ್ತು ಆಶಾ ಕಾರ್ಯಕರ್ತೆಯ ನಂಬರ್ ಗೋಡೆಯ ಮೇಲೆ ಬರೆದಿಡಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯ ಚೀಟಿಗಳು ಒಂದೇ ಚೀಲದಲ್ಲಿರಲಿ.

ಎಣಿಸುತ್ತ ಕೂರಬಾರದ ಹೊತ್ತು

ಇದನ್ನು ದಯವಿಟ್ಟು ಎರಡು ಸಲ ಓದಿ. ಈ ಯಾವುದಾದರೂ ಆದರೆ ಹಾಳೆ ಬಿಟ್ಟು ಎದ್ದು ಹೊರಡಿ.

37 ವಾರ ತುಂಬುವ ಮೊದಲೇ ಕ್ರಮವಾಗಿ ನೋವು ಬರುವುದು. ನೋವಿಲ್ಲದಿದ್ದರೂ ಮಗುವಿನ ಸುತ್ತಲಿನ ನೀರು ಹೋಗುವುದು. ಆಗ ಸಮಯ ಬರೆದು, ಬಟ್ಟೆಯೋ ಪ್ಯಾಡೋ ಇಟ್ಟು ಬಣ್ಣ ನೋಡಿ. ಹಸಿರಾಗಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ, ಒಂದು ನಿಮಿಷವೂ ತಡ ಬೇಡ. ಲೋಳೆಯ ಜೊತೆಗಿನ ಗೆರೆಯಲ್ಲದೆ ಮುಟ್ಟಿನಂತೆ ರಕ್ತ ಹೋಗುವುದು. ನಡುವೆ ಬಿಡದೇ ಹೊಟ್ಟೆ ಗಟ್ಟಿಯಾಗಿಯೇ ಇರುವುದು. ಮಗುವಿನ ಓಡಾಟ ಎಂದಿಗಿಂತ ಕಡಿಮೆಯಾಗುವುದು ಅಥವಾ ನಿಲ್ಲುವುದು. ಜ್ವರ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದವರು, ಹೊಟ್ಟೆಯಲ್ಲಿ ಅವಳಿ ಇರುವವರು, ಮಗು ಅಡ್ಡವೋ ತಲೆಕೆಳಗಾಗದೆಯೋ ಇದೆ ಎಂದು ವೈದ್ಯರು ಹೇಳಿರುವವರು ನೋವಿನ ಸುಳಿವು ಸಿಕ್ಕಾಗಲೇ ಹೋಗಬೇಕು.

ನೀರು ಹೋದಾಗ ಹೊಕ್ಕುಳಬಳ್ಳಿ ಹೊರಗೆ ಕಂಡರೆ ಅದನ್ನು ಒಳಗೆ ತಳ್ಳಬೇಡಿ. ಮೊಣಕಾಲೂರಿ, ಎದೆ ನೆಲಕ್ಕೆ ತಾಗುವಂತೆ ಬಾಗಿ, ಸೊಂಟ ಮೇಲೆತ್ತಿಕೊಂಡೇ ಇರಲಿ. ಇನ್ನೊಬ್ಬರು ಕೂಡಲೇ 108ಕ್ಕೆ ಕರೆ ಮಾಡಲಿ.

ಆಸ್ಪತ್ರೆಯಲ್ಲಿ

ಬಾಗಿಲಲ್ಲೇ ಹಾಳೆ ಕೊಡಿ. ನಾನು ಇಷ್ಟೆಲ್ಲ ಬರೆಯುತ್ತಿರುವುದು ಮುಖ್ಯವಾಗಿ ಇದಕ್ಕೇ. ನೋವಿನಲ್ಲಿರುವ ಹೆಣ್ಣಿಗೆ ‘ತಡ್ಕೋ, ಎಲ್ಲರೂ ಹೆತ್ತಿಲ್ವಾ’ ಎನ್ನುವವರು ಮನೆಯಲ್ಲೂ ಇರುತ್ತಾರೆ, ಹೊರಗೂ ಸಿಗುತ್ತಾರೆ. ‘ತುಂಬಾ ನೋವು’ ಎಂದರೆ ಕೇಳದವರೂ ‘ಎರಡು ಗಂಟೆಯಿಂದ 6 ನಿಮಿಷಕ್ಕೊಮ್ಮೆ, 50 ಸೆಕೆಂಡ್’ ಎಂದರೆ ತಲೆ ಎತ್ತಿ ನೋಡುತ್ತಾರೆ.

ಕೆಲವೊಮ್ಮೆ ಪರೀಕ್ಷೆ ಮಾಡಿ, ‘ಇನ್ನೂ ಬಾಯಿ ತೆರೆದಿಲ್ಲ, ಮನೆಗೆ ಹೋಗಿ ಬನ್ನಿ’ ಎನ್ನಬಹುದು. ಹತ್ತಿರದವರು ಹೋಗಬಹುದು. ದೂರದವರು ಊರು ಎಷ್ಟು ದೂರ ಎಂದು ಹೇಳಿ, ಅಲ್ಲೇ ಇರಲು ಕೇಳಿ. ವಾಪಸ್ ಬಂದರೆ ನಾಚಿಕೆಪಡುವಂಥದ್ದೇನಿಲ್ಲ, ಎರಡು ಸಲ, ಮೂರು ಸಲ ಹೋಗಿ ಬಂದವರು ಎಷ್ಟೋ ಜನ. ಹೊಸ ಹಾಳೆ ತೆಗೆದುಕೊಂಡು, ಮೇಲೆ ತಾರೀಕು ಹಾಕಿ, ಮುಂದಿನ ನೋವಿನಿಂದ ಮತ್ತೆ ಬರೆಯಲು ಶುರು ಮಾಡಿ.