ಗಿಳಿ, ಕುದುರೆ, ಚಂದ್ರ: ‘ಕಾದಂಬರಿ’ಯನ್ನು ಕಾಮಿಕ್ಸ್ ಮಾಡಿದ ನನ್ನ ಅನುಭವ

ಒಂದು ಕುದುರೆಯ ಕಣ್ಣು ಬರೆಯಲು ನನಗೆ ಹನ್ನೊಂದು ದಿನ ಹಿಡಿಯಿತು. ಕುದುರೆ ಬರೆಯುವುದು ನನಗೆ ಬರುತ್ತದೆ. ಆದರೆ ಈ ಕುದುರೆ ನಿಜಕ್ಕೂ ಕುದುರೆಯಲ್ಲ, ಶಾಪ ತಗಲಿ ಕುದುರೆಯಾದ ಒಬ್ಬ ಮುನಿಕುಮಾರ. ಓದುವವರಿಗೆ ಅದು ಆಗಲೇ ಗೊತ್ತಾಗಬಾರದು. ಎಪ್ಪತ್ತು ಪುಟ ಆದಮೇಲೆ ಗುಟ್ಟು ಬಯಲಾದಾಗ ಮಾತ್ರ ‘ಅಯ್ಯೋ, ಅಲ್ಲೇ ಇತ್ತಲ್ವಾ!’ ಅನ್ನಿಸಬೇಕು.

ಕಥೆ ಬಾಣಭಟ್ಟನ ‘ಕಾದಂಬರಿ’. ಏಳನೇ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣ ಇದನ್ನು ಸಂಸ್ಕೃತ ಗದ್ಯದಲ್ಲಿ ಬರೆದ. ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ‘ಕರ್ಣಾಟಕ ಕಾದಂಬರಿ’ ಎಂಬ ಹೆಸರಲ್ಲಿ, ಗದ್ಯ-ಪದ್ಯ ಬೆರೆತ ಚಂಪುವಾಗಿ ಕನ್ನಡಕ್ಕೆ ತಂದ. ನಾವು ಇವತ್ತು ನಾವೆಲ್ಲನ್ನು ಕಾದಂಬರಿ ಅನ್ನುವುದೇ ಈ ಪುಸ್ತಕದ ಹೆಸರಿನಿಂದ. ಮನುಷ್ಯರಂತೆ ಮಾತಾಡುವ ಗಿಳಿ, ಚಂದ್ರನಿಂದ ಇಳಿದುಬಂದು ಹೆಣ ಎತ್ತಿಕೊಂಡು ಹೋಗುವ ಹೊಳೆಯುವ ಪುರುಷ, ಸತ್ತರೂ ಕೊಳೆಯದ ದೇಹ, ಒಂದರ ಹಿಂದೆ ಒಂದು ಜನ್ಮ. ಫ್ಯಾಂಟಸಿ ಓದುವವರಿಗೆ ಇದಕ್ಕಿಂತ ಇನ್ನೇನು ಬೇಕು?

ನಾನು ಹೊಟ್ಟೆಪಾಡಿಗೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವನು. ಕಾಮಿಕ್ಸ್ ಓದಲು ಕಲಿತದ್ದು ಅಮರ ಚಿತ್ರಕಥೆಯಿಂದ. ಕಾರ್ಕಳದ ಅನಂತ ಪೈ 1967ರಲ್ಲಿ ಶುರು ಮಾಡಿದ ಸರಣಿ ಅದು. ಆ ಪುಸ್ತಕಗಳ ಅಳತೆಯೇ ತಲೆಯಲ್ಲಿ ಕೂತಿತ್ತು. ಹಾಗಾಗಿ ಇದನ್ನೂ 32 ಪುಟದಲ್ಲಿ ಮುಗಿಸಬಹುದು ಅಂದುಕೊಂಡೆ. ಒಂದು ನೋಟ್‌ಬುಕ್ಕಿನಲ್ಲಿ ಪುಟದ ಲೆಕ್ಕ ಹಾಕುತ್ತಾ ಹೋದೆ. ಹದಿನೈದನೇ ಪುಟಕ್ಕೆ ಬಂದರೂ ಕಥಾನಾಯಕಿ ಕಾದಂಬರಿ ಇನ್ನೂ ಬಂದಿರಲಿಲ್ಲ! ಕೊನೆಗೆ ಪುಸ್ತಕ 112 ಪುಟವಾಯಿತು. ಪೂರ್ತಿ ಕಪ್ಪು-ಬಿಳುಪು.

ಬಾಣ ಅಂದರೆ ಉದ್ದುದ್ದ ವರ್ಣನೆ ಅಂತ ಎಲ್ಲರೂ ಹೆದರಿಸಿದ್ದರು. ಒಂದೇ ವಾಕ್ಯ ಪುಟಗಟ್ಟಲೆ ಓಡುವುದೂ ಉಂಟು. ಆದರೆ ಚಿತ್ರ ಬರೆಯುವವನಿಗೆ ಆ ವರ್ಣನೆಯೇ ಬಂಗಾರ. ಮೊದಲ ದೃಶ್ಯವನ್ನೇ ನೋಡಿ. ಶೂದ್ರಕ ರಾಜನ ಸಭೆಗೆ ಒಬ್ಬ ಮಾತಂಗ ಕನ್ಯೆ, ಅಂದರೆ ಊರಾಚೆ ಇಟ್ಟ ಜಾತಿಯ ಹುಡುಗಿ, ಪಂಜರದ ಗಿಳಿಯೊಂದಿಗೆ ಬರುತ್ತಾಳೆ. ರಾಜನ ಗಮನ ಸೆಳೆಯಲು ಕೈಯಲ್ಲಿದ್ದ ಬಿದಿರುಕೋಲಿನಿಂದ ನೆಲಕ್ಕೆ ಒಂದು ಸಲ ಬಡಿಯುತ್ತಾಳೆ. ಆ ಸದ್ದಿಗೆ ಸಭೆಯಲ್ಲಿದ್ದ ರಾಜರೆಲ್ಲ, ಕಾಡಾನೆಯ ಹಿಂಡು ಸದ್ದು ಕೇಳಿ ತಿರುಗಿದ ಹಾಗೆ, ಒಟ್ಟಿಗೆ ಅವಳ ಕಡೆ ತಿರುಗುತ್ತಾರೆ. ಕೋಲಿನ ತುದಿ ಸೀಳುಬಿಟ್ಟಿದೆ ಅನ್ನುವುದನ್ನೂ ಬಾಣ ಬಿಟ್ಟಿಲ್ಲ!

ನನ್ನ ಮೊದಲ ಪುಟ ಇಷ್ಟೇ. ಒಂದು ಚೌಕಟ್ಟಿನಲ್ಲಿ ಸೀಳಿದ ಬಿದಿರಿನ ತುದಿ, ಕಲ್ಲಿನ ನೆಲ, ‘ಟಕ್!’. ಕೆಳಗೆ ಪುಟದಗಲದ ಚೌಕಟ್ಟಿನಲ್ಲಿ ತಿರುಗಿದ ನಲವತ್ತು ಮುಖಗಳು. ಅವಳ ಮುಖ ತೋರಿಸಿಲ್ಲ. ಪುಟ ಮಗುಚಿದ ಮೇಲೆ ಅವಳು. ಅಲ್ಲಿ ಅವಳನ್ನು ಒಂದಿಷ್ಟೂ ಬಗ್ಗಿಸದೆ, ನೆಟ್ಟಗೆ ನಿಲ್ಲಿಸಿ ಬರೆದೆ. ಹಳೆಯ ಕಥೆಗಳ ಚಿತ್ರಗಳಲ್ಲಿ ಇಂಥ ಹೆಣ್ಣನ್ನು ಮೂಲೆಯಲ್ಲಿ ಮುದುರಿ ಕೂರಿಸಿದ್ದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಬಾಣ ಅವಳನ್ನು ಕಣ್ಣು ಕೀಳಲಾಗದಂಥ ಚೆಲುವೆ ಎಂದೇ ಬರೆದಿದ್ದಾನೆ. ಕಥೆಯ ಕೊನೆಯಲ್ಲಿ ಅವಳು ಯಾರು ಅಂತ ತಿಳಿಯುತ್ತದೆ: ಲಕ್ಷ್ಮಿ, ಆ ಗಿಳಿಯ ಹಿಂದಿನ ಜನ್ಮದ ತಾಯಿ.

ನಿಜವಾದ ಕಷ್ಟ ಬೇರೆ ಕಡೆ ಇತ್ತು. ಈ ಕಥೆ ಪೆಟ್ಟಿಗೆಯೊಳಗೆ ಪೆಟ್ಟಿಗೆ. ಗಿಳಿ ಶೂದ್ರಕನಿಗೆ ತನ್ನ ಕಥೆ ಹೇಳುತ್ತದೆ. ಅದರೊಳಗೆ ಜಾಬಾಲಿ ಮುನಿ ಗಿಳಿಯ ಹಿಂದಿನ ಜನ್ಮದ ಕಥೆ ಹೇಳುತ್ತಾರೆ. ಅದರೊಳಗೆ ಗಂಧರ್ವ ಕನ್ಯೆ ಮಹಾಶ್ವೇತೆ ರಾಜಕುಮಾರ ಚಂದ್ರಾಪೀಡನಿಗೆ ತನ್ನ ಕಥೆ ಹೇಳುತ್ತಾಳೆ. ಅವಳ ಕಥೆಯೊಳಗೆ ಮುನಿಕುಮಾರ ಕಪಿಂಜಲ ಬಂದು, ಅವಳನ್ನು ಪ್ರೀತಿಸಿದ ಗೆಳೆಯ ಪುಂಡರೀಕನ ವಿರಹ ಹೇಳುತ್ತಾನೆ. ಪುಸ್ತಕದಲ್ಲಾದರೆ ದನಿ ಕಿವಿಯಲ್ಲಿ ಉಳಿದಿರುತ್ತದೆ. ಚಿತ್ರದಲ್ಲಿ ದನಿ ಇಲ್ಲ.

ಮೊದಲು ಹೇಳುವವರ ಮಾತಿನ ಪಟ್ಟಿಗಳಿಗೆ ಬೇರೆ ಬೇರೆ ಬೂದು ಬಣ್ಣ ಕೊಟ್ಟೆ. ಒಬ್ಬೊಬ್ಬರಿಗೆ ಒಂದೊಂದು. ಮೂವತ್ತು ಪುಟದ ಕಚ್ಚಾ ಪ್ರತಿಯನ್ನು ಅಕ್ಕನ ಮಗಳ ಕೈಗೆ ಕೊಟ್ಟೆ. ಆಗ ಅವಳಿಗೆ ಹನ್ನೆರಡು ವರ್ಷ. ಅರ್ಧ ಗಂಟೆಯಲ್ಲಿ ಬಂದು ಕೇಳಿದಳು: ‘ಮಾವ, ಈಗ ಮಾತಾಡ್ತಿರೋದು ಯಾರು?’ ಬೂದು ಬಣ್ಣ ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಎರಡು ತಿಂಗಳ ಕೆಲಸ ಪಕ್ಕಕ್ಕಿಟ್ಟೆ. ಬೇಜಾರಾಯಿತು, ಆದರೆ ಅವಳು ಕೇಳಿದ್ದು ಸರಿಯಾಗಿತ್ತು.

ಆಮೇಲೆ ಹೊಳೆದದ್ದು ಚೌಕಟ್ಟಿನ ಗೆರೆ. ಗಿಳಿ ಹೇಳುವಾಗ ಗೆರೆ ತರಚಿದಂತೆ, ಕಡ್ಡಿಯಿಂದ ಎಳೆದಂತೆ. ಜಾಬಾಲಿ ಹೇಳುವಾಗ ಅಡಿಪಟ್ಟಿ ಇಟ್ಟು ಎಳೆದ ಜೋಡಿಗೆರೆ. ಮಹಾಶ್ವೇತೆ ಹೇಳುವಾಗ ಗೆರೆಯೇ ಇಲ್ಲ, ಚಿತ್ರ ಕಾಗದದಲ್ಲೇ ಕರಗುತ್ತದೆ. ಕಪಿಂಜಲನಿಗೆ ಬೇರೆ ಗೆರೆ ಕೊಡಲಿಲ್ಲ. ಅವನ ಮಾತನ್ನು ಮಹಾಶ್ವೇತೆಯ ಪುಟದಲ್ಲೇ ಬಲೂನಿನಲ್ಲಿ ಹಾಕಿದೆ. ನಾಲ್ಕನೇ ಪೆಟ್ಟಿಗೆ ತೆರೆದಿದ್ದರೆ ಯಾರಿಗೂ ದಾರಿ ಸಿಗುತ್ತಿರಲಿಲ್ಲ.

ಗೆರೆ ಇಲ್ಲದ ಪುಟಗಳಿಗೆ ಇನ್ನೊಂದು ಕಾರಣವೂ ಇತ್ತು. ಮಹಾಶ್ವೇತೆ ಅಂದರೆ ಬಿಳುಪೇ ಬಿಳುಪು. ಬಾಣ ಅವಳ ಬಿಳುಪನ್ನು ಹೇಳಿ ದಣಿಯುವುದೇ ಇಲ್ಲ. ಇಂಕಿನಲ್ಲಿ ಬಿಳುಪು ತರುವುದು ಅಂದರೆ ಇಂಕು ಹಾಕದೇ ಇರುವುದು. ಸುತ್ತಲಿನ ಕಾಡಿಗೆ ಬ್ರಷ್‌ನಲ್ಲಿ ಗಾಢ ಕಪ್ಪು ತುಂಬಿದೆ. ಅಚ್ಛೋದ ಸರೋವರಕ್ಕೆ ಅಡ್ಡಗೆರೆ ನಾಲ್ಕೇ ನಾಲ್ಕು. ಅವಳಿಗೆ ಕೂದಲು, ಕಣ್ಣು, ವೀಣೆ, ಅಷ್ಟೇ. ಉಳಿದದ್ದೆಲ್ಲ ಬರೀ ಕಾಗದ.

ಗಿಳಿಮರಿಯ ದೃಶ್ಯಕ್ಕೆ ಇದರ ಉಲ್ಟಾ ಮಾಡಿದೆ. ಪಂಪಾ ಸರೋವರದ ಹತ್ತಿರ ಒಂದು ದೊಡ್ಡ ಬೂರುಗದ ಮರ. ಬೇಟೆಯ ಗುಂಪಿನ ಒಬ್ಬ ಮುದುಕ ಮರ ಹತ್ತಿ, ಹಣ್ಣು ಕಿತ್ತ ಹಾಗೆ ಪೊಟರೆಯಿಂದ ಗಿಳಿಗಳನ್ನು ಒಂದೊಂದಾಗಿ ತೆಗೆದು, ಕೊಂದು, ಕೆಳಗೆ ಎಸೆಯುತ್ತಾನೆ. ವಯಸ್ಸಾದ ಅಪ್ಪ ಗಿಳಿ ಮರಿಯನ್ನು ರೆಕ್ಕೆಯಡಿ ಮುಚ್ಚಿಕೊಳ್ಳುತ್ತದೆ. ಇಡೀ ಘಟನೆಯನ್ನು ಮರಿಯ ಕಣ್ಣಿನಿಂದಲೇ ಬರೆದೆ. ಮೊದಲು ಪೊಟರೆಯ ಬಾಯಿಯ ದುಂಡು ಬೆಳಕು. ಆಮೇಲೆ ಬೆಳಕಿಗೆ ಅಡ್ಡ ಬಂದ ಐದು ಬೆರಳು. ಮುಂದಿನ ಮೂರು ಚೌಕಟ್ಟು ಪೂರ್ತಿ ಕಪ್ಪು, ಅಪ್ಪನ ರೆಕ್ಕೆಯ ಒಳಗೆ. ಮೂರರಲ್ಲೂ ಒಂದೊಂದು ಸದ್ದು ಮಾತ್ರ: ‘ಪಟಪಟ’, ‘ಲಟಕ್’, ಕೊನೆಗೆ ಒಣ ಎಲೆಯ ‘ಸರ್ರ್’. ರಕ್ತ ಎಲ್ಲೂ ಬರೆದಿಲ್ಲ. ಓದಿದವರು ಜಾಸ್ತಿ ಅತ್ತದ್ದು ಈ ಪುಟಕ್ಕೇ. ಅಪ್ಪನನ್ನು ಬಿಟ್ಟು ಮರಿ ತೆವಳಿಕೊಂಡು ಹೋಗುವುದು, ಆಮೇಲೆ ‘ಜೀವದ ಮೇಲೆ ನನಗೆಷ್ಟು ಆಸೆ’ ಅಂತ ನಾಚಿಕೊಳ್ಳುವುದು, ಬಾಣ ಇದನ್ನು ಬರೆದ ರೀತಿ ನನಗೆ ಈಗಲೂ ನೆನಪಾಗುತ್ತಿರುತ್ತದೆ.

ಇಲ್ಲೊಂದು ಮಾತು. ಇಂಗ್ಲಿಷ್ ಕಾಮಿಕ್ಸ್ ಓದಿ ಬೆಳೆದ ನಮ್ಮ ಹುಡುಗರು ಸದ್ದಿಗೂ ಇಂಗ್ಲಿಷ್ ಬರೆಯುತ್ತಾರೆ. ಕನ್ನಡದಲ್ಲಿ ಅನುಕರಣಾವ್ಯಯ ಅಂತ ವ್ಯಾಕರಣದಲ್ಲೇ ಒಂದು ಗುಂಪಿದೆ. ದಬದಬ, ಚಟಚಟ, ಜುಳುಜುಳು, ಧಗಧಗ. ಇಷ್ಟು ದೊಡ್ಡ ಗಂಟು ಮನೆಯಲ್ಲೇ ಇರುವಾಗ ಸಾಲ ಯಾಕೆ?

ಉಡುಗೆ ತೊಡುಗೆಗೆ ಬಾದಾಮಿಗೆ ಹೋದೆ. ಮೂರನೇ ಗುಹೆ ಚಾಲುಕ್ಯರ ಮಂಗಳೇಶ ಮಾಡಿಸಿದ್ದು, 578ರ ಶಾಸನವಿದೆ. ಬಾಣನ ರಾಜ ಹರ್ಷನನ್ನು ತಡೆದ ಇಮ್ಮಡಿ ಪುಲಕೇಶಿಯ ಊರೂ ಅದೇ. ಅಂದರೆ ಆ ಗುಹೆಗೂ ಬಾಣನಿಗೂ ಹೆಚ್ಚೇನೂ ಅಂತರವಿಲ್ಲ. ಕಂಬಗಳ ಮೇಲೆ ಚಾಚಿಕೊಂಡಿರುವ ಜೋಡಿಗಳನ್ನು ನೋಡಿ ತಲೆಗಟ್ಟು, ಕೊರಳ ಸರ, ಸೊಂಟದ ಪಟ್ಟಿ ಎಲ್ಲ ಬರೆದುಕೊಂಡೆ. ಮೂರು ದಿನದಲ್ಲಿ ಒಂದು ಸ್ಕೆಚ್‌ಬುಕ್ ತುಂಬಿತು. ಟೀವಿ ಸೀರಿಯಲ್ಲಿನ ಕಿರೀಟ, ಜರಿ ಅಂಚು ನನ್ನ ಪುಸ್ತಕದಲ್ಲಿ ಇಲ್ಲ.

ಈಗ ಗುಟ್ಟಿನ ವಿಷಯ. ಬರೆಯುವವನು ‘ಶೂದ್ರಕ ಎಂಬ ರಾಜನಿದ್ದ’ ಅಂದರೆ ಸಾಕು, ಮುಖ ಹೇಗಿತ್ತು ಅಂತ ಓದುವವರು ಕೇಳುವುದಿಲ್ಲ. ನಾನು ಮುಖ ಬರೆಯಲೇಬೇಕು. ಶೂದ್ರಕ ಯಾರು? ಚಂದ್ರಾಪೀಡನ ಮುಂದಿನ ಜನ್ಮ. ಚಂದ್ರಾಪೀಡ ಯಾರು? ಪುಂಡರೀಕನ ಶಾಪದಿಂದ ಭೂಮಿಗೆ ಬಂದ ಚಂದ್ರ. ಇಬ್ಬರಿಗೂ ಒಂದೇ ಮುಖ ಕೊಟ್ಟರೆ ಇಪ್ಪತ್ತನೇ ಪುಟಕ್ಕೇ ಕಥೆ ಮುಗಿಯಿತು. ಸಂಬಂಧವೇ ಇಲ್ಲದ ಮುಖ ಕೊಟ್ಟರೆ ಕೊನೆಗೆ ಮೋಸ ಮಾಡಿದ ಹಾಗೆ.

ಮುಖ ಬೇರೆ ಮಾಡಿದೆ, ಅಭ್ಯಾಸ ಒಂದೇ ಇಟ್ಟೆ. ಇಬ್ಬರೂ ಕಥೆ ಕೇಳುವಾಗ ಎಡಗೈಯ ಎರಡು ಬೆರಳನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಒಂದೇ ಕೋನದಿಂದ, ಒಂದೇ ಅಳತೆಯಲ್ಲಿ ಬರೆದಿದ್ದೇನೆ. ಇದು ಬಾಣನಲ್ಲಿ ಇಲ್ಲ, ನಾನು ಸೇರಿಸಿದ್ದು. ಸೇರಿಸಬಹುದಾ ಅಂತ ತುಂಬ ಯೋಚಿಸಿದೆ. ಮಾತು ಮುಚ್ಚಿಟ್ಟದ್ದನ್ನು ಚಿತ್ರವೂ ಮುಚ್ಚಿಡಬೇಕಾದರೆ ಚಿತ್ರಕ್ಕೆ ಅದರದೇ ಉಪಾಯ ಬೇಕು ಅಂತ ಕೊನೆಗೆ ಧೈರ್ಯ ಮಾಡಿದೆ.

ಕುದುರೆಗೆ ಮಾತ್ರ ಬಾಣನೇ ದಾರಿ ತೋರಿಸಿದ್ದ. ಚಂದ್ರಾಪೀಡ ಹದಿನಾರನೇ ವಯಸ್ಸಿಗೆ ವಿದ್ಯೆ ಮುಗಿಸಿ ಹೊರಡುವಾಗ ಅಪ್ಪ ತಾರಾಪೀಡ ಇಂದ್ರಾಯುಧ ಎಂಬ ಕುದುರೆ ಕಳಿಸುತ್ತಾನೆ. ಇಂದ್ರಾಯುಧ ಅಂದರೆ ಕಾಮನಬಿಲ್ಲು. ಪಾರಸೀಕ ದೊರೆ ಕಾಣಿಕೆ ಕೊಟ್ಟ ಕುದುರೆ. ಎರಡೂ ಕಡೆ ಆಳುಗಳು ಕಡಿವಾಣ ಹಿಡಿದು ಜಗ್ಗುತ್ತಿರುತ್ತಾರೆ. ಅದನ್ನು ನೋಡಿದ ಹುಡುಗನಿಗೆ ಇದು ಬರೀ ಕುದುರೆಯಲ್ಲ, ಶಾಪದಿಂದ ಹೀಗಾದ ಯಾರೋ ದೊಡ್ಡವರು ಅನ್ನಿಸುತ್ತದೆ. ಹತ್ತುವ ಮುಂಚೆ, ನೀನು ಯಾರೇ ಆಗಿರು, ನಿನಗೆ ನಮಸ್ಕಾರ, ಮೇಲೆ ಹತ್ತುತ್ತಿರುವ ತಪ್ಪನ್ನು ಮನ್ನಿಸು ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾನೆ.

ಈ ಮಾತನ್ನು ಬಲೂನಿನಲ್ಲಿ ಹಾಕಿದ್ದರೆ ಗುಟ್ಟು ಅರ್ಧ ಒಡೆದಂತೆ. ಹಾಗಾಗಿ ಮಾತೇ ಹಾಕಲಿಲ್ಲ. ಆರು ಚೌಕಟ್ಟಿನ ಮೌನ ಪುಟ ಮಾಡಿದೆ. ಹುಡುಗ ನಿಲ್ಲುತ್ತಾನೆ. ಕುದುರೆ ನಿಲ್ಲುತ್ತದೆ. ಹುಡುಗ ಕೈ ಮುಗಿಯುತ್ತಾನೆ. ಆಳುಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ಐದನೆಯದು ಕುದುರೆಯ ಕಣ್ಣು. ಆರನೆಯದರಲ್ಲಿ ಹುಡುಗ ಮೇಲೆ ಹತ್ತಿಯಾಗಿದೆ. ಶಾಪ ತಗಲಿ ಆ ಕುದುರೆಯಾದವನು ಕಪಿಂಜಲ. ಆ ಕಣ್ಣು ಅವನ ಕಣ್ಣಾಗಬೇಕು, ಕುದುರೆಯ ಕಣ್ಣೂ ಆಗಬೇಕು. ಕುದುರೆಗೆ ಕಣ್ಣು ಪಕ್ಕದಲ್ಲಿ, ಪಾಪೆ ಅಡ್ಡಕ್ಕೆ ಉದ್ದ. ಮನುಷ್ಯರ ಪಾಪೆ ಬರೆದರೆ ತಕ್ಷಣ ಗೊತ್ತಾಗುತ್ತದೆ. ಹತ್ತು ಕಣ್ಣು ಬರೆದು ಬಿಸಾಡಿದೆ. ಹನ್ನೊಂದನೆಯದಕ್ಕೆ ಮೇಲ್ರೆಪ್ಪೆಯ ಮಡಿಕೆಯಲ್ಲಿ ಒಂದು ಸಣ್ಣ ಕತ್ತರಿಸಿದ ಗೆರೆ ಹಾಕಿದೆ. ನಲವತ್ತು ಪುಟದ ನಂತರ ಮಹಾಶ್ವೇತೆಯ ಕಥೆಯಲ್ಲಿ ಕಪಿಂಜಲ ಬಂದಾಗ ಅವನ ರೆಪ್ಪೆಯಲ್ಲೂ ಅದೇ ಗೆರೆ. ಸಾಕು ಅನ್ನಿಸಿತು.

ಅಕ್ಷರದ ಪಾಡು ಬೇರೆಯೇ. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ಸಾಲುಗಳು ಹತ್ತಿರವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹೀಗಾಗಿ ಬಲೂನು ಯಾವಾಗಲೂ ಅಂದುಕೊಂಡದ್ದಕ್ಕಿಂತ ದೊಡ್ಡದಾಗುತ್ತದೆ. ನಾನು ಈಗ ಮೊದಲು ಮಾತು ಬರೆದು, ಸುತ್ತ ಬಲೂನು ಎಳೆದು, ಆಮೇಲೆ ಮನುಷ್ಯರನ್ನು ಬರೆಯುತ್ತೇನೆ. ಪದಗಳೂ ಉದ್ದ. ‘ಹೋಗಬೇಕಾಗಿರಲಿಲ್ಲವಲ್ಲ’ ಅಂತ ಬರೆದರೆ ಒಂದು ಬಲೂನು ಅಲ್ಲೇ ಭರ್ತಿ. ‘ಹೋಗಬಾರದಿತ್ತು’ ಅಂದರೆ ಜಾಗವೂ ಉಳಿಯಿತು, ನೋವೂ ಉಳಿಯಿತು. ಮೊದಲ ಪ್ರೂಫ್ ಬಂದಾಗ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡಿದ್ದವು. ‘ಚಂದ್ರ’ ಹೋಗಿ ‘ಚಂದ್‌ರ’ ಆಗಿತ್ತು. ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯನ್ನು ಆನ್ ಮಾಡಿರಲಿಲ್ಲ, ಅಷ್ಟೇ. ಎರಡನೇ ಪ್ರೂಫ್‌ನಲ್ಲಿ ಸರಿಯಾಯಿತು. ಆದರೂ ನಾನು ಅಕ್ಷರಗಳನ್ನೆಲ್ಲ ಕೈಯಲ್ಲೇ ಮತ್ತೆ ಬರೆದೆ. ಇಂಕಿನಲ್ಲಿ ಅದ್ದಿ ಬರೆಯುವ ಜಿ ನಿಬ್ಬಿನಲ್ಲಿ, ಒಂದೂವರೆ ತಿಂಗಳು. ಚಿತ್ರದ ಗೆರೆಯೂ ಅಕ್ಷರದ ಗೆರೆಯೂ ಒಂದೇ ಕೈಯದ್ದಾದರೆ ಪುಟಕ್ಕೆ ಬೇರೆಯೇ ಜೀವ ಬರುತ್ತದೆ.

ಬಾಣ ಈ ಕಥೆ ಮುಗಿಸಲಿಲ್ಲ. ಗಂಧರ್ವರ ನಾಡಿನಿಂದ ಮರಳಿದ ಸಖಿ ಪತ್ರಲೇಖೆ ಕಾದಂಬರಿಯ ಮಾತುಗಳನ್ನು ಚಂದ್ರಾಪೀಡನಿಗೆ ಹೇಳುತ್ತಿರುವಾಗಲೇ ಬರಹ ನಿಂತುಹೋಗಿದೆ. ಮುಂದಿನದನ್ನು ಬರೆದವನು ಮಗ. ಕಥೆ ನಿಂತುಹೋದ ದುಃಖ ನೋಡಲಾರದೆ ಬರೆಯುತ್ತಿದ್ದೇನೆ, ಕವಿ ಎಂಬ ಹೆಮ್ಮೆಯಿಂದಲ್ಲ ಅಂತ ಅವನು ಹೇಳಿಕೊಂಡಿದ್ದಾನೆ. ಆ ಜಾಗದಲ್ಲಿ ನಾನು ಪತ್ರಲೇಖೆಯ ಬಲೂನನ್ನು ಅರ್ಧಕ್ಕೆ ಬಿಟ್ಟು, ಪುಟದ ಉಳಿದ ಭಾಗ ಖಾಲಿ ಇಟ್ಟೆ. ಮುಂದಿನ ಪುಟದ ಗೆರೆ ಸ್ವಲ್ಪ ದಪ್ಪ. ಮಗನ ಕೈ.

ಪೂರ್ತಿ ಪುಸ್ತಕ ಆದಮೇಲೆ ಮತ್ತೆ ಅಕ್ಕನ ಮಗಳಿಗೇ ಕೊಟ್ಟೆ. ಚಂದ್ರಾಪೀಡನ ಪ್ರಾಣ ಹೋಗಿ, ಪತ್ರಲೇಖೆ ಕುದುರೆಯನ್ನು ಎಳೆದುಕೊಂಡು ಸರೋವರಕ್ಕೆ ಧುಮುಕಿ, ನೀರಿನಿಂದ ಕಪಿಂಜಲ ಎದ್ದುಬರುವ ಪುಟಕ್ಕೆ ಬಂದಳು. ನಿಂತಳು. ಸರಸರ ಹಿಂದಕ್ಕೆ ಮಗುಚಿ ಕುದುರೆಯ ಕಣ್ಣಿನ ಪುಟ ತೆಗೆದಳು. ಬೆರಳಿಟ್ಟು ನೋಡಿದಳು. ಏನೂ ಹೇಳಲಿಲ್ಲ, ಮುಂದೆ ಓದಿದಳು. ಕೊನೆಗೆ ಪತ್ರಲೇಖೆ ಚಂದ್ರನ ಹೆಂಡತಿ ರೋಹಿಣಿ ಅಂತ ತಿಳಿಯುವಲ್ಲಿ ಮತ್ತೆ ಹಿಂದಕ್ಕೆ ಹೋದಳು. ತುಂಬ ಹೊತ್ತು ಹುಡುಕಿದಳು.

‘ಮಾವ, ಇವಳಿಗೆ ಏನೂ ಗುರುತು ಇಟ್ಟಿಲ್ವಾ?’

ಇಟ್ಟಿರಲಿಲ್ಲ. ಅವಳನ್ನು ತಾಂಬೂಲ ಹಿಡಿದ ಸಖಿ ಅಂತಷ್ಟೇ ಬರೆದಿದ್ದೆ. ಪ್ರೆಸ್ಸಿಗೆ ಹೋಗಲು ಇನ್ನೂ ಹತ್ತು ದಿನ ಇತ್ತು. ಪತ್ರಲೇಖೆ ಇರುವ ಇಪ್ಪತ್ಮೂರು ಚೌಕಟ್ಟುಗಳನ್ನೂ ಮೇಜಿನ ಮೇಲೆ ಹರಡಿಕೊಂಡೆ. ರಾತ್ರಿಯ ದೃಶ್ಯಗಳು ಒಂಬತ್ತು. ಆ ಒಂಬತ್ತರಲ್ಲೂ ಬಿಳಿ ಇಂಕು ತೆಗೆದುಕೊಂಡು, ಬೇರೆ ಯಾರ ಮೇಲೂ ಬೀಳದ ಬೆಳದಿಂಗಳನ್ನು ಅವಳ ಎಡ ಹೆಗಲ ಮೇಲೆ ಮಾತ್ರ ಬೀಳಿಸಿದೆ.