ಚೌತಿ ಮುಗಿದ ಮೇಲೆ ಗೋಕರ್ಣ: ಎರಡು ರಾತ್ರಿಯ ಪ್ರವಾಸ ಮಾಡುವುದು ಹೇಗೆ?

ಮೂರು ತಿಂಗಳು ಮಳೆಯಲ್ಲೇ ನೆನೆದ ಮಲೆನಾಡಿನವರು ಮತ್ತೆ ಮಳೆ ಇರುವ ಕಡಲಿಗೆ ಯಾಕೆ ಹೋಗಬೇಕು ಅಂತ ಮನೆಯಲ್ಲಿ ಕೇಳುತ್ತಾರೆ. ಸಾಗರದ ನಮ್ಮ ಮನೆಯಲ್ಲಿ ಮಳೆ ಕಿವಿಗೆ ಬೀಳುತ್ತದೆ, ಹೆಂಚಿನ ಮೇಲೆ, ಅಡಿಕೆ ಸೋಗೆಯ ಮೇಲೆ. ಕಣ್ಣಿಗೆ ಕಾಣುವುದು ತೋಟದ ಅಂಚಿನವರೆಗೆ ಮಾತ್ರ. ಗೋಕರ್ಣದ ಕುಡ್ಲೆ ತೀರದಲ್ಲಿ ಕೂತರೆ ಮಳೆ ದೂರದ ನೀರಿನ ಮೇಲೆ ಬೂದು ಪರದೆಯ ಹಾಗೆ ನಡೆದು ಬರುತ್ತದೆ. ಅದು ನಮ್ಮನ್ನು ಮುಟ್ಟುವ ತನಕ ನೋಡುತ್ತಾ ಕೂರಬಹುದು. ಅದಕ್ಕೋಸ್ಕರ ಹೋಗಬೇಕು.

ಮೊದಲು ದಿನ ಗೊತ್ತು ಮಾಡಿ

ಜೂನ್, ಜುಲೈ ಬೇಡ. ಆಗ ಕಡಲು ತೀರಾ ಒರಟು, ಘಾಟಿ ರಸ್ತೆಯೂ ನಂಬಿಕೆಗೆ ಯೋಗ್ಯವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ತಾಜಾ ಮೀನೂ ಕಡಿಮೆ.

ನಮಗೆ ಸರಿಹೊಂದುವುದು ಚೌತಿ ಮುಗಿದು ನವರಾತ್ರಿ ಶುರುವಾಗುವ ನಡುವಿನ ದಿನಗಳು. ಅಡಿಕೆ ತೋಟಕ್ಕೆ ಕೊಳೆರೋಗ ಬಾರದ ಹಾಗೆ ಎರಡನೇ ಸಲದ ಬೋರ್ಡೋ ದ್ರಾವಣ ಹೊಡೆದಾಗಿರುತ್ತದೆ, ಅಡಿಕೆ ಕೊಯ್ಲಿಗೆ ಇನ್ನೂ ಸಮಯ ಇರುತ್ತದೆ. ಮಳೆ ಬಿಟ್ಟುಬಿಟ್ಟು ಬರುತ್ತದೆ. ದಸರಾ ರಜೆಯ ನೂಕುನುಗ್ಗಲು ಇನ್ನೂ ಇಲ್ಲ. ಅದರಲ್ಲೂ ಸೋಮವಾರದಿಂದ ಗುರುವಾರದೊಳಗೆ ಹೋಗಿ. ಶನಿವಾರ, ಭಾನುವಾರ ಬೆಂಗಳೂರು, ಹುಬ್ಬಳ್ಳಿ ಕಡೆಯವರು ಬಂದೇ ಬರುತ್ತಾರೆ.

ಒಂದು ಎಚ್ಚರಿಕೆ. ಈ ದಿನಗಳಲ್ಲೇ ಪಕ್ಷಮಾಸ ಬರುತ್ತದೆ. ಪಿತೃಕಾರ್ಯಕ್ಕೆ ಜನ ಗೋಕರ್ಣಕ್ಕೆ ಬರುತ್ತಾರೆ, ಕೋಟಿತೀರ್ಥದ ಪುಷ್ಕರಣಿಯ ಸುತ್ತ ರೂಮು ಸಿಗುವುದು ಕಷ್ಟ. ಮಹಾಲಯ ಅಮಾವಾಸ್ಯೆಯ ಆಸುಪಾಸಿನ ಎರಡು ಮೂರು ದಿನ ಬಿಟ್ಟುಬಿಡಿ. ಅಮಾವಾಸ್ಯೆ, ಹುಣ್ಣಿಮೆಗೆ ಕಡಲಿನ ಭರತವೂ ಜಾಸ್ತಿ, ಮರಳಿನ ಮೇಲೆ ನಡೆಯುವ ಜಾಗವೇ ಕಡಿಮೆಯಾಗುತ್ತದೆ.

ರೂಮಿಗೆ ಫೋನ್ ಮಾಡಿ, ನಾಲ್ಕು ಪ್ರಶ್ನೆ ಕೇಳಿ

ಫೋಟೋ ನೋಡಿ ದುಡ್ಡು ಕಟ್ಟಬೇಡಿ. ಅಡುಗೆಮನೆ ತೆರೆದಿದೆಯಾ? ಕರೆಂಟ್ ಹೋದರೆ ಇನ್ವರ್ಟರ್ ಇದೆಯಾ? ರೂಮು ಮುಗ್ಗಲು ಹಿಡಿದಿಲ್ಲ ತಾನೇ? ಕಾರು ಎಲ್ಲಿಯವರೆಗೆ ಬರುತ್ತದೆ? ಮೊದಲನೆಯ ಪ್ರಶ್ನೆ ಮರೆತು ನಾವೊಮ್ಮೆ ತೊಂದರೆಪಟ್ಟಿದ್ದೇವೆ. ರಾತ್ರಿ ಎಂಟೂವರೆಗೆ ಮಗುವನ್ನು ಎತ್ತಿಕೊಂಡು ಮಳೆಯಲ್ಲಿ ಊಟ ಹುಡುಕಬೇಕಾಯಿತು. ತೀರದ ಎಷ್ಟೋ ಹೋಟೆಲುಗಳು ಮಳೆಗಾಲದಲ್ಲಿ ಬಾಗಿಲು ಹಾಕುತ್ತವೆ, ದಸರಾ ಹೊತ್ತಿಗೆ ಮತ್ತೆ ತೆರೆಯುತ್ತವೆ. ಬಾಡಿಗೆ ಡಿಸೆಂಬರಿನಷ್ಟು ಇರುವುದಿಲ್ಲ. ಎರಡು ರಾತ್ರಿ ಇರುತ್ತೇವೆ ಅಂದರೆ ಇನ್ನೂ ಸ್ವಲ್ಪ ಇಳಿಸುತ್ತಾರೆ, ಕೇಳಲು ಸಂಕೋಚ ಬೇಡ.

ಹೊರಡುವ ಹಿಂದಿನ ದಿನ

ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಶಿವಮೊಗ್ಗ, ಉತ್ತರ ಕನ್ನಡ ಎರಡೂ ಜಿಲ್ಲೆ ನೋಡಿ. ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಪ್ರವಾಸ ಮುಂದಕ್ಕೆ ಹಾಕಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತಿದ್ದನ್ನು ನಾವು ಯಾರೂ ಮರೆತಿಲ್ಲ ಅಲ್ವಾ.

ಕೊಡೆಗಿಂತ ರೇನ್‌ಕೋಟ್ ಮೇಲು, ಕಡಲ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಜೀನ್ಸ್ ಒಣಗುವುದಿಲ್ಲ, ತೆಳು ಬಟ್ಟೆ ಇಟ್ಟುಕೊಳ್ಳಿ. ಗಂಡಸರಿಗೆ ಒಂದು ಪಂಚೆ ಇರಲಿ. ಮಹಾಬಲೇಶ್ವರನ ಗುಡಿಯೊಳಗೆ ಅಂಗಿ ತೆಗೆದು ಪಂಚೆಯಲ್ಲಿ ಹೋಗಬೇಕು.

ದಾರಿ

ಶಿವಮೊಗ್ಗದಿಂದ ಸುಮಾರು 200 ಕಿ.ಮೀ. ಸಾಗರ, ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪೆ, ಹೊನ್ನಾವರ, ಕುಮಟಾ. ಬೆಳಿಗ್ಗೆ ಆರಕ್ಕೇ ಹೊರಡಿ. ಬಸ್ಸಿನಲ್ಲಿ ಹೋಗುವವರು ಸಾಗರದಿಂದ ಹೊನ್ನಾವರ, ಅಲ್ಲಿಂದ ಕುಮಟಾ, ಕುಮಟಾದಿಂದ ಗೋಕರ್ಣ ಅಂತ ಬದಲಿಸಿದರೆ ಸಾಕು.

ಜೋಗದಲ್ಲಿ ಇಳಿದು ನೋಡಿ. 253 ಮೀಟರ್ ಎತ್ತರದಿಂದ ಬೀಳುವ ಶರಾವತಿಯ ಜೊತೆಜೊತೆಗೇ ನೀವು ಘಾಟಿ ಇಳಿದು ಹೊನ್ನಾವರದಲ್ಲಿ ಅದು ಕಡಲು ಸೇರುವುದನ್ನೂ ನೋಡುತ್ತೀರಿ. ಒಂದೇ ದಿನದಲ್ಲಿ ಒಂದು ನದಿಯ ಇಷ್ಟು ದೂರದ ಹಾದಿ ಕಾಣುವುದು ನನಗಂತೂ ಪ್ರತಿ ಸಲವೂ ಹೊಸದು. ಘಾಟಿಯ ಕಾಡಿನಲ್ಲಿ ಸಿಂಗಳೀಕಗಳಿವೆ. ಕಂಡರೆ ತಿನ್ನಲು ಹಾಕಬೇಡಿ. ರಸ್ತೆಗೆ ಇಳಿಯುವ ಅಭ್ಯಾಸ ಬಿದ್ದರೆ ಗಾಡಿಯಡಿ ಸಾಯುತ್ತವೆ.

ಕುಮಟಾ ದಾಟಿದ ಮೇಲೆ ಮಿರ್ಜಾನ್ ಕೋಟೆಗೆ ಒಂದು ಗಂಟೆ ಕೊಡಿ. ಮಳೆ ಮುಗಿಯುವ ಹೊತ್ತಿಗೆ ಅದರ ಚಿರೇಕಲ್ಲಿನ ಗೋಡೆಗಳೆಲ್ಲ ಹಸಿರಾಗಿರುತ್ತವೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿಕೊಂಡ ಕೋಟೆ ಇದು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತಲೇ ಕರೆದಿದ್ದರು. ಆ ಮೆಣಸು ಬೆಳೆದದ್ದು ನೀವು ಬೆಳಿಗ್ಗೆ ಇಳಿದು ಬಂದ ಇದೇ ಗುಡ್ಡಗಳ ಸೀಮೆಯಲ್ಲಿ.

ನೀರಿಗೆ ಇಳಿಯಬೇಡಿ

ಇದನ್ನು ಕೈಮುಗಿದು ಹೇಳುತ್ತೇನೆ. ನಾವು ಹೊಳೆಯಲ್ಲಿ ಈಜು ಕಲಿತವರು, ಆ ಧೈರ್ಯ ಇಲ್ಲಿ ನಡೆಯುವುದಿಲ್ಲ. ಎರಡು ಕಡೆ ಅಲೆ ಒಡೆಯುತ್ತಾ ನಡುವೆ ಮಾತ್ರ ನೀರು ಶಾಂತವಾಗಿ ಕಂಡರೆ ಅದೇ ಅಪಾಯದ ಜಾಗ. ದಡಕ್ಕೆ ಬಂದ ನೀರು ಅಲ್ಲಿಂದಲೇ ರಭಸವಾಗಿ ಕಡಲಿಗೆ ವಾಪಸ್ ಹೋಗುತ್ತಿರುತ್ತದೆ. ಅಕಸ್ಮಾತ್ ಸಿಕ್ಕಿಕೊಂಡರೆ ದಡದ ಕಡೆ ಸೆಣಸಬೇಡಿ. ಸುಸ್ತಾಗಿ ಮುಳುಗುವುದು ಹಾಗೆಯೇ. ತೇಲುತ್ತಾ ಕೈ ಎತ್ತಿ ಕೂಗಿ. ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬನ್ನಿ. ಓಂ ತೀರದ ಬಂಡೆಗಳ ಮೇಲೆ ಸೆಲ್ಫಿಗೆ ನಿಲ್ಲುವುದೂ ಬೇಡ. ಜೀವರಕ್ಷಕರು ಸೀಟಿ ಊದಿದರೆ ಮರುಮಾತಿಲ್ಲದೆ ಹಿಂದೆ ಬನ್ನಿ.

ಹಾಗಾದರೆ ಅಲ್ಲಿ ಮಾಡುವುದೇನು?

ಮೊದಲ ಸಂಜೆ ಕುಡ್ಲೆಯಲ್ಲಿ ಸುಮ್ನೆ ಕೂರಿ. ಮರುದಿನ ಬೆಳಿಗ್ಗೆ ಗುಡಿ, ಕೋಟಿತೀರ್ಥ, ರಥಬೀದಿ. ಮಳೆ ಬಿಟ್ಟ ಹೊತ್ತು ನೋಡಿ ಕುಡ್ಲೆಯಿಂದ ಓಂ ತೀರಕ್ಕೆ ಗುಡ್ಡದ ಕಾಲುದಾರಿ ಹಿಡಿಯಿರಿ, ಅರ್ಧ ಗಂಟೆಯೊಳಗೆ ತಲುಪುತ್ತೀರಿ. ಹಾಫ್ ಮೂನ್, ಪ್ಯಾರಡೈಸ್ ತೀರಗಳ ಕಲ್ಲುದಾರಿ ಈಗ ಜಾರುತ್ತದೆ, ಅದನ್ನು ಜನವರಿಗೆ ಇಟ್ಟುಕೊಳ್ಳಿ. ಮೀನು ತಿನ್ನುವವರಿಗೆ ಬಂಗಡೆ, ಶೆಟ್ಲಿ (ಸಿಗಡಿ) ಸಿಗುವ ಕಾಲ ಇದು.

ವಾಪಸ್ ಬರುವ ದಿನ ಮಧ್ಯಾಹ್ನ ಎರಡರೊಳಗೆ ಹೊನ್ನಾವರ ಬಿಡಿ. ಸಂಜೆಯಾದರೆ ಘಾಟಿಯಲ್ಲಿ ಮಂಜು ಇಳಿಯುತ್ತದೆ, ಫೋನಿಗೆ ಸಿಗ್ನಲ್ಲೂ ಸರಿಯಾಗಿ ಸಿಗುವುದಿಲ್ಲ. ಹೊನ್ನಾವರದಲ್ಲೇ ಪೆಟ್ರೋಲ್ ತುಂಬಿಸಿ, ಮನೆಗೆ ಒಂದು ಫೋನ್ ಮಾಡಿ ಘಾಟಿ ಹತ್ತಿ.